ಅತ್ತೆ ಬಲವರ್ಧನಾ ಯೋಜನೆ

ಬೆಳಗ್ಗೆ ಏಳಕ್ಕೆ ಸರಿಯಾಗಿ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಟಕಟಕ ಎಂದು ಶುರುವಾದರೆ, ಒಳಕೋಣೆಯಲ್ಲಿ ಮಲಗಿದ್ದ ಶೇಕಡಾ ಸಾಹೇಬರ ಎಡಗಣ್ಣು ಅದೇ ತಾಳಕ್ಕೆ ಅದುರತೊಡಗುತ್ತಿತ್ತು. ಯಂತ್ರ ಅತ್ತೆಯದು. ಕಣ್ಣು ಮಾತ್ರ ಸಾಹೇಬರದು. ಆ ಕಣ್ಣೊಂದನ್ನು ಬಿಟ್ಟರೆ ಈ ಮನೆಯಲ್ಲಿ ತಮ್ಮದು ಅಂತ ಇನ್ನೇನೂ ಉಳಿದಿಲ್ಲ ಎಂಬುದು ಅವರ ಅಳಲು.

ಶೇಕಡಾ ಸಾಹೇಬರು ಎಂಬುದು ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಒಂದು ದೊಡ್ಡ ಸರ್ಕಾರಿ ಕಚೇರಿಯ ಪ್ರಗತಿ ವಿಭಾಗಕ್ಕೆ ಅವರು ಅಧೀಕ್ಷಕರು. ಕೆಲಸ ಮಾಡುವುದು ಆ ವಿಭಾಗದ ಕೆಲಸವಲ್ಲ. ಬೇರೆಯವರು ಎಷ್ಟು ಮಾಡಿದರು ಎಂದು ಕೇಳಿ, ಅದನ್ನು ಶೇಕಡಾವಾರು ಬರೆದು, ಮೇಲಕ್ಕೆ ಕಳಿಸುವುದು ಅದರ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಸಾಹೇಬರಿಗೆ ಅದು ರಕ್ತಗತವಾಗಿತ್ತು. "ಹುಷಾರಾಗಿದ್ದೀರಾ ಸಾರ್?" ಎಂದರೆ "ಎಂಬತ್ತೆರಡು ಪರ್ಸೆಂಟು" ಎನ್ನುತ್ತಿದ್ದರು. ಗುಮಾಸ್ತನೊಬ್ಬ ತನ್ನ ಮದುವೆಗೆ ರಜೆ ಕೇಳಲು ಬಂದಾಗ "ಶೇಕಡಾ ಎಷ್ಟು ನಿಶ್ಚಯವಾಗಿದೆ?" ಎಂದು ಕೇಳಿದ್ದರಂತೆ. (ಆ ಮದುವೆ ಮುರಿಯಿತು. ಅದಕ್ಕೆ ಸಾಹೇಬರೇ ಕಾರಣ ಅಂತ ಹೇಳುವುದಕ್ಕೆ ಆಧಾರವಿಲ್ಲ.)

ಇಂಥವರ ಮನೆಗೆ ಅತ್ತೆ ಬಂದು ಸೇರಿದ್ದು ಒಂದು ಮೆಟ್ಟಿಲಿನ ಕೃಪೆಯಿಂದ. ಅರವತ್ತಾರು ವರ್ಷದ ಆಕೆ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದವರು. ಊರಿನ ಇನ್ನೊಂದು ತುದಿಯಲ್ಲಿ, ಲಿಫ್ಟಿಲ್ಲದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವರದೊಂದು ಪುಟ್ಟ ಮನೆ. ಐವತ್ತನಾಲ್ಕು ಮೆಟ್ಟಿಲು. ಐವತ್ತಮೂರನ್ನು ನೆಟ್ಟಗೆ ಇಳಿದು, ಐವತ್ತನಾಲ್ಕನೆಯದರಲ್ಲಿ ಜಾರಿ ಪಾದದ ಕೀಲು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಮಗಳು ಹೋಗಿ ಅಮ್ಮನನ್ನು ಕರೆದುಕೊಂಡು ಬಂದಳು. ಅಮ್ಮ ಯಂತ್ರವನ್ನೂ ಕರೆದುಕೊಂಡು ಬಂದರು.

"ಅತ್ತೆ, ಈ ಸ್ಥಿತೀಲಿ ಇದೆಲ್ಲ ಯಾಕೆ?" ಎಂದು ಸಾಹೇಬರು ಮೆಲ್ಲಗೆ ಕೇಳಿದ್ದರು.

"ಇದು ಕೈಯಲ್ಲಿ ತಿರುಗಿಸೋ ಮೆಷಿನ್ನು ಅಳಿಯಂದ್ರೇ. ಮುರಿದಿರೋದು ಕಾಲು ತಾನೆ?"

ಅಲ್ಲಿಂದ ಮುಂಕೋಣೆ ಸಾಹೇಬರ ಕೈತಪ್ಪಿತು. ಸೋಫಾದ ಮೇಲೆ ಬಟ್ಟೆ, ಟೀವಿಯ ಮೇಲೆ ಬಟ್ಟೆ, ಸಾಹೇಬರ ಓದುವ ಕುರ್ಚಿಯ ಬೆನ್ನಿಗೆ ಯಾರದೋ ಅರ್ಧ ಹೊಲಿದ ಅಂಗಿ. ಒಂದು ಸಂಜೆ ಅವರು ಆಯಾಸದಿಂದ ಕುರ್ಚಿಯಲ್ಲಿ ಕೂತು, ತಕ್ಷಣವೇ ಎದ್ದರು. ಸೂಜಿ. "ಸದ್ಯ, ಸಿಕ್ತು! ಬೆಳಗ್ಗೆಯಿಂದ ಹುಡುಕ್ತಿದ್ದೆ" ಎಂದರು ಅತ್ತೆ.

ಪ್ಲಾಸ್ಟರು ಬಿಚ್ಚಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಸಾಹೇಬರು ಒಂದೊಂದೇ ದಿನ ಎಣಿಸುತ್ತಿದ್ದರು. ಬಿಚ್ಚಿದರು. ನೋಡಿದರೆ ಕಾಲು ಕೋಲಾಗಿತ್ತು. ಫಿಸಿಯೋಥೆರಪಿ ಮಾಡುವ ಡಾಕ್ಟರಮ್ಮ, ಮೂವತ್ತರ ಆಸುಪಾಸಿನ ಗಟ್ಟಿ ದನಿಯ ಹೆಣ್ಣುಮಗಳು, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, "ಕೈ ಊರದೆ ಎದ್ದು ಕೂತ್ಕೊಳ್ಳಿ ನೋಡೋಣ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಗುತ್ತೋ ಅಷ್ಟು" ಎಂದಳು. ನಾಲ್ಕು ಸಲ ಆಯಿತು. ಐದನೆಯದಕ್ಕೆ ಅತ್ತೆ ಅರ್ಧ ಎದ್ದು, ಯೋಚನೆ ಬದಲಿಸಿ ಕೂತರು.

"ನಿಮ್ಮ ಗುರಿ ಏನಮ್ಮ?"

"ನನ್ನ ಮನೆಗೆ ನಾನು ಹತ್ತಬೇಕು. ಯಾರ ಕೈಯೂ ಹಿಡೀದೆ."

"ಹನ್ನೆರಡು ವಾರ ಕೊಡಿ. ವಾರಕ್ಕೆ ಮೂರು ದಿನ ವ್ಯಾಯಾಮ, ಮಧ್ಯೆ ಬಿಡುವು. ಒಂದು ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡೋಣ. ಅರ್ಧ ನಿಮಿಷಕ್ಕೆ ಹನ್ನೆರಡು ಸಲ ಎದ್ದು ಕೂತು, ಐದು ಕೆಜಿ ಚೀಲ ಹಿಡಿದು ಮೂರು ಮಹಡಿ ಹತ್ತಿದ್ರೆ ನಿಮ್ಮನ್ನ ಪಾಸು ಮಾಡ್ತೀನಿ."

ಗುರಿ, ವಾರ, ಅಂಕಿ! ಮೂಲೆಯಲ್ಲಿ ತೂಕಡಿಸುತ್ತಿದ್ದ ಸಾಹೇಬರ ಕಿವಿ ನೆಟ್ಟಗಾಯಿತು. "ಡಾಕ್ಟ್ರೇ, ಮೇಲ್ವಿಚಾರಣೆ ನನಗೆ ಬಿಡಿ" ಎಂದರು. ಅಳಿಯನ ಅಕ್ಕರೆ ಕಂಡು ಅತ್ತೆಯ ಕಣ್ಣು ಒದ್ದೆಯಾಯಿತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಮಾತ್ರ ಗಂಡನನ್ನು ಓರೆಗಣ್ಣಲ್ಲಿ ನೋಡಿದಳು.

ಮರುದಿನ ಫ್ರಿಜ್ಜಿನ ಬಾಗಿಲ ಮೇಲೆ 'ಅತ್ತೆ ಬಲವರ್ಧನಾ ಯೋಜನೆ' ಉದ್ಘಾಟನೆಯಾಯಿತು. ಉದ್ದನೆಯ ಹಾಳೆ. ಕೆಂಪು ಶಾಯಿಯ ಗೆರೆಗಳು. ಗುರಿ, ಸಾಧನೆ, ಕೊರತೆ, ಕೊರತೆಗೆ ಕಾರಣ, ಷರಾ ಎಂದು ಐದು ಅಂಕಣ. ಡಾಕ್ಟರಮ್ಮ ಹೇಳಿದ ಹನ್ನೆರಡು ವಾರ ಅದರಲ್ಲಿ ನಾಲ್ಕು ವಾರವಾಗಿತ್ತು; ಬಿಡುವಿನ ದಿನಗಳು ಕಾಣೆಯಾಗಿದ್ದವು.

"ಏನ್ರೀ ಇದು, ದಿನಾ ಬರೆದಿದ್ದೀರಿ? ವಾರಕ್ಕೆ ಮೂರೇ ದಿನ ಅಂದಿದ್ರಲ್ಲ?" ಎಂದಳು ಹೆಂಡತಿ. ಅವಳು ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಕೂರುವವಳು. 'ದಿನಕ್ಕೆರಡು' ಎಂದರೆ ಎರಡೇ ಎಂಬ ಶಿಸ್ತಿನವಳು.

"ನೋಡೇ, ನಿನಗೆ ಆಡಳಿತ ಗೊತ್ತಿಲ್ಲ. ನೂರು ಗುರಿ ಇಟ್ರೆ ಅರವತ್ತು ಆಗುತ್ತೆ. ಅರವತ್ತು ಇಟ್ರೆ ಮೂವತ್ತು."

"ಅಮ್ಮನಿಗಿರೋದು ಎರಡೇ ಕಾಲು ಕಣ್ರೀ."

ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಊಟದ ಮೇಜಿನಲ್ಲಿ ಪ್ರಗತಿ ಪರಿಶೀಲನಾ ಸಭೆ. ಅಧ್ಯಕ್ಷರು ಸಾಹೇಬರು. ನಡವಳಿ ಬರೆದುಕೊಳ್ಳಬೇಕಾದವಳು ಹೆಂಡತಿ. ಅವಳು ಪೆನ್ನಿನ ಬದಲು ಸೌಟು ಹಿಡಿದು ನಿಂತಿರುತ್ತಿದ್ದಳು.

"ಎರಡನೇ ವಾರದ ಗುರಿ ಎಂಟು. ಸಾಧನೆ ಐದು. ಕೊರತೆ ಮೂರು. ಶೇಕಡಾ ಮೂವತ್ತೇಳೂವರೆ. ಕಾರಣ ಏನತ್ತೆ?"

"ವಯಸ್ಸು."

"ಅದು ಹೋದ ವಾರಾನೂ ಹೇಳಿದ್ರಿ. ಹೊಸ ಕಾರಣ ಬೇಕು."

"ಹೋದ ವಾರಕ್ಕಿಂತ ಒಂದು ವಾರ ಹೆಚ್ಚು ವಯಸ್ಸಾಗಿದೆ. ಬರ್ಕೊಳ್ಳಿ."

ಅಡುಗೆಮನೆಯ ಕಡೆಯಿಂದ ಕಿಸಕ್ಕೆಂದು ಸದ್ದಾಯಿತು. ಅಧ್ಯಕ್ಷರು ಅದನ್ನು ನಡವಳಿಗೆ ಸೇರಿಸಿಕೊಳ್ಳಲಿಲ್ಲ. ಬದಲಿಗೆ ಬಾಟಲಿಯನ್ನು ಒಂದರಿಂದ ಮೂರು ಲೀಟರಿಗೆ ಏರಿಸಿ ಆದೇಶ ಹೊರಡಿಸಿದರು. ಅತ್ತೆ ಅಳಿಯನ ಮಾತು ಮೀರಬಾರದೆಂದು ಮಂಡಿ ಬಗ್ಗಿಸಿದರು, ಎದ್ದರು, ಕೂತರು. ಮೂರನೇ ವಾರದ ವರದಿ ಮಂಡಿಸುವ ಹೊತ್ತಿಗೆ ಅವರ ಮಂಡಿ ಊದಿಕೊಂಡು ಬನ್ನಿನಂತಾಗಿತ್ತು.

ಹಾಳೆಯನ್ನು ಮಡಚಿ ಚಿಕಿತ್ಸಾಲಯಕ್ಕೆ ಕೊಂಡೊಯ್ದವಳು ಹೆಂಡತಿ. ಡಾಕ್ಟರಮ್ಮ ಅದನ್ನು ಬಿಡಿಸಿ, ಕೆಂಪು ಗೆರೆಗಳನ್ನು ನೋಡಿ, "ಯಾರು ಬರೆದದ್ದು?" ಎಂದಳು. ಜೊತೆಗೆ ಬಂದಿದ್ದ ಸಾಹೇಬರು ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ಬಿಡುವಿನ ದಿನ ಎಲ್ಲಿ ಸರ್? ಸ್ನಾಯು ಬೆಳೆಯೋದೇ ಬಿಡುವಿನ ದಿನ."

"ನಮ್ಮ ಕಚೇರೀಲಿ ಬಿಡುವಿನ ದಿನ ಏನೂ ಬೆಳೆಯಲ್ಲ ಡಾಕ್ಟ್ರೇ."

"ಕೆಲಸದ ದಿನ ಬೆಳೆಯುತ್ತಾ?"

ಡಾಕ್ಟರಮ್ಮ ಹಾಳೆಯ ಹಿಂಬದಿಯಲ್ಲಿ ಹೊಸದಾಗಿ ಬರೆದುಕೊಟ್ಟಳು: ಒಂದು ವಾರ ವಿಶ್ರಾಂತಿ, ಆಮೇಲೆ ಮತ್ತೆ ಒಂದು ಲೀಟರಿನಿಂದ. "ಹೋದ ವಾರದ ನಿಮ್ಮ ಜೊತೆ ಮಾತ್ರ ಹೋಲಿಸ್ಕೊಳ್ಳಿ ಅಮ್ಮ. ಒಂದು ಸಲ ಹೆಚ್ಚಾದ್ರೂ ಹೆಚ್ಚೇ" ಎಂದಳು.

ಹಾಳೆ ಹಿಂಬದಿ ಮುಂದಾಗಿ ಮತ್ತೆ ಫ್ರಿಜ್ಜಿಗೆ ಏರಿತು. ಸಾಹೇಬರು ಸಾರ್ವಜನಿಕವಾಗಿ ಹಿಂದೆ ಸರಿದರು. ಖಾಸಗಿಯಾಗಿ ಯೋಜನೆ ಜಾರಿಯಲ್ಲೇ ಇತ್ತು. ಅಂಗಿಯ ಜೇಬಿನಲ್ಲಿ ಅವರ ಸ್ವಂತದ್ದೊಂದು ಚೀಟಿ. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ: 'ಯೋಜನೆಯ ಅಂತಿಮ ಗುರಿ – ಮುಂಕೋಣೆಯ ಒತ್ತುವರಿ ತೆರವು. ಪರಿಷ್ಕೃತ ದಿನಾಂಕ –' ಎಂದು ಬರೆದು, ಮೂರು ಸಲ ತಾರೀಕು ಹೊಡೆದುಹಾಕಿ ತಿದ್ದಿದ್ದರು.

ಆ ಅಂಗಿಯ ಗುಂಡಿ ಕಿತ್ತು ಬರಬೇಕೆ? ಬಂತು. ಸಾಹೇಬರು ಅದನ್ನು ಕುರ್ಚಿಯ ಮೇಲೆಸೆದು "ಅತ್ತೆ, ಒಂದು ಗುಂಡಿ" ಎಂದು ಸ್ನಾನಕ್ಕೆ ಹೋದರು. ತಲೆಗೆ ನೀರು ಬಿದ್ದಾಗ ಜೇಬು ನೆನಪಾಯಿತು. ಅರ್ಧ ಸೋಪು ಮೆತ್ತಿಕೊಂಡೇ ಓಡಿಬಂದರು. ಅಂಗಿ ಮಡಚಿಟ್ಟಿತ್ತು. ಗುಂಡಿ ಭದ್ರವಾಗಿತ್ತು. ಚೀಟಿ ಜೇಬಿನಲ್ಲೇ ಇತ್ತು. ಬಿಡಿಸಿ ನೋಡಿದರೆ ಕೆಳಗೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ಒಂದೇ ಪದ: 'ನೋಡಿದೆ.'

ಎಷ್ಟೋ ಕಡತಗಳ ಮೇಲೆ ಮೇಲಧಿಕಾರಿಗಳು ಹಾಗೆ ಬರೆದದ್ದನ್ನು ಸಾಹೇಬರು ಕಂಡಿದ್ದರು. ಅಂಥ ಪದಕ್ಕೆ ಮುಖ ಹೀಗೆ ಬಿಸಿಯಾಗಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಅಳುತ್ತಾರೆ, ಮಗಳ ಹತ್ತಿರ ಹೇಳುತ್ತಾರೆ, ರಂಪವಾಗುತ್ತದೆ ಎಂದು ಕಾದರು. ಏನೂ ಆಗಲಿಲ್ಲ. ತಿಂಡಿಯ ಹೊತ್ತಿಗೆ ಅತ್ತೆ ಎಂದಿನಂತೆ "ಟೀ ಆರ್ತಿದೆ ಅಳಿಯಂದ್ರೇ" ಎಂದರು, ಅಷ್ಟೆ.

ಅಂದಿನಿಂದ ಅತ್ತೆಯ ರೀತಿಯೇ ಬದಲಾಯಿತು. ಫ್ರಿಜ್ಜಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ವಾರಕ್ಕೆ ಮೂರು ದಿನ, ಅಳಿಯ ಕಚೇರಿಗೆ ಹೋದಮೇಲೆ, ಕುರ್ಚಿ ಎಳೆದುಕೊಂಡು ಎದ್ದು ಕೂರುವುದು, ಬಾಟಲಿ ಎತ್ತುವುದು, ಕೊನೆಗೆ ಮೇಜಿನ ಮೇಲಿನ ಯಂತ್ರವನ್ನು ತಬ್ಬಿ ಎತ್ತಿ, ಆದಷ್ಟು ದೂರ ನಡೆದು, ಕೆಳಗಿಟ್ಟು, ಇಟ್ಟ ಜಾಗದಲ್ಲಿ ನೆಲಕ್ಕೊಂದು ನೀಲಿ ಗೆರೆ ಎಳೆಯುವುದು. ಮೊದಲ ಗೆರೆ ಮೇಜಿನ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಸೋಫಾದ ಪಕ್ಕ. ಆರನೇ ವಾರಕ್ಕೆ ಗೆರೆ ಮುಂಬಾಗಿಲ ಹೊಸ್ತಿಲು ಮುಟ್ಟಿತು. ಎಂಟನೆಯದಕ್ಕೆ ಹೊಸ್ತಿಲು ದಾಟಿತು.

"ಏನಮ್ಮ ಇದು, ಮನೆ ತುಂಬ ಗೆರೆ?" ಎಂದಳು ಮಗಳು.

"ನನ್ನ ಅಳತೆ ನನಗಿರಲಿ ಕಣೇ. ಗೆರೆ ಎಳೆದೇ ಕತ್ತರಿ ಹಾಕಿ ಅಭ್ಯಾಸ ನನಗೆ."

"ಇಷ್ಟು ಆತುರ ಯಾಕಮ್ಮ? ಇಲ್ಲಿ ನಿನಗೇನು ಕಡಿಮೆಯಾಗಿದೆ?"

ಅತ್ತೆ ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ಆಮೇಲೆ ಹೇಳಿದರು: "ಏನೂ ಕಡಿಮೆಯಿಲ್ಲ. ಆದ್ರೆ ನನ್ನ ಮನೇಲಿ ಲೋಟ ಎಲ್ಲಿಡ್ಲಿ ಅಂತ ನಾನು ಯಾರನ್ನೂ ಕೇಳಲ್ಲ."

ಬಾಗಿಲ ಮರೆಯಲ್ಲಿ ಶೂ ಬಿಚ್ಚುತ್ತಿದ್ದ ಸಾಹೇಬರು ಅದನ್ನು ಕೇಳಿಸಿಕೊಂಡರು. ಹೋಗಿ ಏನಾದರೂ ಒಳ್ಳೆಯ ಮಾತು ಆಡಬೇಕು ಎನಿಸಿತು. ಆದರೆ ಒಳ್ಳೆಯ ಮಾತಿಗೆ ನಮೂನೆ ಇರಲಿಲ್ಲವಾದ್ದರಿಂದ ಸುಮ್ಮನೆ ಸಾಕ್ಸು ಕಳಚಿದರು.

ಹದಿಮೂರನೇ ವಾರ ಡಾಕ್ಟರಮ್ಮನ ಕೈಯಲ್ಲಿ ಗಡಿಯಾರ. ಅರ್ಧ ನಿಮಿಷದಲ್ಲಿ ಅತ್ತೆ ಎದ್ದು ಕೂತದ್ದು ಹದಿನಾಲ್ಕು ಸಲ. ಐದು ಕೆಜಿ ಚೀಲ ಹಿಡಿದು ಚಿಕಿತ್ಸಾಲಯದ ಮೂರು ಮಹಡಿ ಹತ್ತಿಳಿದು, "ಇನ್ನೊಂದು ಸಲ ಹೋಗ್ಲಾ?" ಎಂದರು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ಸಾಹೇಬರು ಡಾಕ್ಟರಮ್ಮನಿಗಿಂತ ಜೋರಾಗಿ ತಟ್ಟಿದರು. 'ಸಾಧನೆ: ಶೇಕಡಾ ನೂರಾಹದಿನಾರು' ಎಂದು ಆ ಸಂಜೆ ಫ್ರಿಜ್ಜಿನ ಮೇಲೆ ಬರೆದು, ಯಶಸ್ಸಿನ ಕೆಳಗೆ ತಮ್ಮ ಸಹಿಯನ್ನೂ ಹಾಕಿಕೊಂಡರು.

ಭಾನುವಾರ ಬೆಳಗ್ಗೆ ಅತ್ತೆಯ ಪ್ರಯಾಣ. ಕಟ್ಟಡದ ಬುಡದಲ್ಲಿ ಆಟೋದಿಂದ ಯಂತ್ರ ಇಳಿಯಿತು. ಮರದ ಪೀಠ ಸೇರಿ ಹನ್ನೆರಡು ಕೆಜಿ. ನೆಲಮಹಡಿಯ ಹೆಂಗಸು, ಎದುರುಮನೆಯ ಹೆಂಗಸು, ಮೊದಲ ಮಹಡಿಯ ನಿವೃತ್ತ ಮೇಷ್ಟ್ರು, ಎಲ್ಲರೂ ಸ್ವಾಗತಕ್ಕೆ ನೆರೆದಿದ್ದರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ನೀವು ಚೀಲ ತಗೊಳ್ಳಿ ಅಳಿಯಂದ್ರೇ. ಮೆಷಿನ್ನು ನಾನು ಮಹಡಿಗೊಂದು ಸಲ ನಿಂತು ನಿಧಾನಕ್ಕೆ ತಗೊಂಡು ಹೋಗ್ತೀನಿ."

ಇಷ್ಟು ಜನರ ಮುಂದೆ ಅತ್ತೆ ಯಂತ್ರ ಹೊರುವುದು, ಅಳಿಯ ಕೈಚೀಲ ಹಿಡಿದು ಹಿಂದೆ ಹೋಗುವುದು! ಸಾಹೇಬರ ಮೀಸೆ ಒಪ್ಪಲಿಲ್ಲ. "ಛೆ ಛೆ, ಏನತ್ತೆ! ನಾನಿಲ್ವಾ?" ಎಂದವರೇ, ಮಂಡಿ ನೆಟ್ಟಗೆ ಇಟ್ಟು, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಯಂತ್ರ ಎತ್ತಿಬಿಟ್ಟರು.

"ಮಂಡಿ ಬಗ್ಗಿಸಿ! ಬೆನ್ನಲ್ಲ!" ಎಂದು ಅತ್ತೆ ಕೂಗಿದರು.

"ಹದಿಮೂರು ವಾರ ನಿಮಗೆ ಹೇಳಿಕೊಟ್ಟವನು ನಾನು" ಎಂದು ಸಾಹೇಬರು ಮೆಟ್ಟಿಲು ಹಿಡಿದರು.

ಮೊದಲ ಹದಿನೆಂಟು ಮೆಟ್ಟಿಲು ಕೀರ್ತಿಯ ಬಲದಿಂದ ಆಯಿತು. "ಶೇಕಡಾ ಮೂವತ್ಮೂರು!" ಎಂದು ಮೇಲಿಂದ ಘೋಷಣೆ ಬಂತು. ಎರಡನೇ ಮಹಡಿಗೆ ಬಂದಾಗ "ಅರವತ್ತಾರು" ಎಂಬ ಪದದಲ್ಲಿ ಉಸಿರೇ ಹೆಚ್ಚು, ಅಕ್ಷರ ಕಡಿಮೆ. ಹೆಂಡತಿ "ರೀ, ಇಳಿಸ್ರೀ, ಸ್ವಲ್ಪ ನಿಲ್ರೀ" ಎಂದರೆ ತಲೆಯಾಡಿಸಿದರು; ನಿಂತರೆ ಮತ್ತೆ ಹೊರಡಲಾಗದು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಐವತ್ತೊಂದನೇ ಮೆಟ್ಟಿಲ ಮೇಲೆ ಕಾಲಿಟ್ಟಾಗ ಸೊಂಟದಲ್ಲಿ ಏನೋ 'ಕಟಕ್' ಎಂದಿತು. ಸಾಹೇಬರು ಯಂತ್ರ ತಬ್ಬಿಕೊಂಡು, ಅರ್ಧ ಬಗ್ಗಿ, ಹಾಗೆಯೇ ಕಲ್ಲಾದರು.

"ಏನಾಯ್ತು ಅಳಿಯಂದ್ರೇ?"

"ತೊಂಬತ್ನಾಲ್ಕು" ಎಂದರು ಸಾಹೇಬರು, ಅಳುವ ದನಿಯಲ್ಲಿ.

ಅತ್ತೆ ಕೈಚೀಲ ಮೆಟ್ಟಿಲ ಮೇಲಿಟ್ಟರು. ಮಂಡಿ ಬಗ್ಗಿಸಿದರು. ಅಳಿಯನ ತೋಳಿನಿಂದ ಯಂತ್ರವನ್ನು ಮಗು ಎತ್ತಿಕೊಂಡಂತೆ ಬಿಡಿಸಿಕೊಂಡು, ಉಳಿದ ಮೂರು ಮೆಟ್ಟಿಲು ಹತ್ತಿ, ಒಳಗೆ ಮೇಜಿನ ಮೇಲಿಟ್ಟು ಬಂದರು. ಆಮೇಲೆ ಅಳಿಯನ ಕಂಕುಳಿಗೆ ಭುಜ ಕೊಟ್ಟು ಅವರನ್ನೂ ಒಳಗೆ ತಂದು ಮಂಚದ ಮೇಲಿಟ್ಟರು. ಕೆಳಗಿನಿಂದ ಮೇಷ್ಟ್ರು "ಭೇಷ್!" ಎಂದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಡಾಕ್ಟರಮ್ಮ ಮನೆಗೇ ಬಂದಳು. ಬೆನ್ನು ಒತ್ತಿ ನೋಡಿದಳು. ಸಾಹೇಬರು ಕಚೇರಿಯಲ್ಲಿ ಎಂದೂ ಬಳಸದ ಪದಗಳನ್ನು ಬಳಸಿದರು. "ಸ್ನಾಯು ಹಿಡ್ಕೊಂಡಿದೆ. ಮೂಳೆಗೇನೂ ಆಗಿಲ್ಲ. ಆದ್ರೆ ಐವತ್ತನಾಲ್ಕು ಮೆಟ್ಟಿಲು ಇಳಿಯೋ ಮಾತು ಸದ್ಯಕ್ಕೆ ಬೇಡ. ಇಲ್ಲೇ ಇರಲಿ. ತಾನಾಗೇ ಇಳಿಯೋ ಶಕ್ತಿ ಬಂದಾಗ ಮನೆಗೆ."

ಹೆಂಡತಿ ಸೋಮವಾರ ಕೆಲಸಕ್ಕೆ ಹೋಗಬೇಕಿತ್ತು. "ಅಮ್ಮ ನೋಡ್ಕೋತಾರಲ್ಲ" ಎಂದು ಗಂಡನ ತಲೆ ಸವರಿ, ಮೆಟ್ಟಿಲು ಇಳಿದು ಹೋದಳು. ಅವಳು ಇಳಿದ ವೇಗ ಸಾಹೇಬರಿಗೆ ಅಷ್ಟು ಹಿಡಿಸಲಿಲ್ಲ.

ಅತ್ತೆಯ ಮನೆ ಒಂದೇ ಕೋಣೆಯದು. ಮಂಚದಿಂದ ಯಂತ್ರಕ್ಕೆ ಎರಡು ಗೇಣು. ಬೆಳಗ್ಗೆ ಏಳಕ್ಕೆ ಅದು ಸಾಹೇಬರ ಕಿವಿಯ ಪಕ್ಕದಲ್ಲೇ ಶುರುವಾಗುತ್ತಿತ್ತು. ಬಟ್ಟೆ ಕೊಡಲು ಬಂದವರು ಅವರನ್ನು ನೋಡಿ, "ಇವರೇನಾ ಮೆಷಿನ್ನು ಎತ್ತಿದವರು?" ಎಂದು ವಿಚಾರಿಸಿ, ಮಂಚದ ಅಂಚಿನಲ್ಲೇ ಕೂತು ಬಟ್ಟೆಯ ಮಾತು ಆಡುತ್ತಿದ್ದರು. ಅವರ ಹೊಟ್ಟೆಯ ಮೇಲೆ ಬಟ್ಟೆ ಹರಡಿ ಮಡಚಿದವರೂ ಉಂಟು.

ಹತ್ತು ದಿನದ ಮೇಲೆ ಡಾಕ್ಟರಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗಡಿಯಾರ ಹಿಡಿದಳು. ಅರ್ಧ ನಿಮಿಷ. ಮೂರು ಸಲ.

"ನಾನು ನಾಲ್ಕರಿಂದ ಶುರು ಮಾಡಿದ್ದೆ" ಎಂದರು ಅತ್ತೆ. "ಪರವಾಗಿಲ್ಲ. ಒಂದು ಹೆಚ್ಚಾದ್ರೂ ಹೆಚ್ಚೇ."

ಆ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಆದರೂ ಸಾಹೇಬರು ಬಾಟಲಿ ಹಿಡಿದರು. ನಾಲ್ಕಾಯಿತು. ವಾರದಲ್ಲಿ ಐದಾಯಿತು. ಐದಾದ ದಿನ ಅವರು ಮಗುವಿನಂತೆ "ಅತ್ತೆ, ಐದು!" ಎಂದು ಕೂಗಿದರು, ಶೇಕಡಾ ಹೇಳುವುದೇ ಮರೆತುಹೋಗಿತ್ತು.

ಮರೆವು ಬಹಳ ದಿನ ಉಳಿಯಲಿಲ್ಲ. ಕೂತು ಕೂತು ಬೇಸರವಾಗಿ ಅತ್ತೆಯ ಬಟ್ಟೆಗಳ ಮೇಲೆ ಅವರ ಕಣ್ಣು ಬಿತ್ತು. ಗೋಡೆಗೆ ಹಾಳೆ ಏರಿತು: 'ಬಾಕಿ ಅಂಗಿಗಳ ಪ್ರಗತಿ'. "ಅತ್ತೆ, ನಿನ್ನೆ ಮೂರು ತೋಳು ಅಂದಿದ್ರಿ, ಎರಡೇ ಆಗಿದೆ. ಕಾರಣ?" ಗಿರಾಕಿಗಳನ್ನೂ ಬಿಡಲಿಲ್ಲ. "ನಿಮ್ಮ ಬಟ್ಟೆ ಶೇಕಡಾ ನಲವತ್ತರಲ್ಲಿದೆ ತಾಯಿ, ಹೀಗೆ ಹೋದ್ರೆ ಕಷ್ಟ." ಇಬ್ಬರು ಗಿರಾಕಿಗಳು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಅತ್ತೆಯ ಎಡಗಣ್ಣು ಅದುರಲು ಶುರುವಾಯಿತು.

ಮೂರನೇ ವಾರದ ಕೊನೆಗೆ ಡಾಕ್ಟರಮ್ಮ ಬಂದವಳು ಹೆಂಡತಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. "ಚೆನ್ನಾಗಿ ಸುಧಾರಿಸ್ತಿದ್ದಾರೆ. ಯಾವಾಗ ಕಳಿಸೋ ಗುರಿ ಇಟ್ಕೊಳ್ಳೋಣ?"

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಆತುರ ಏನಿಲ್ಲ ಡಾಕ್ಟ್ರೇ" ಎಂದಿತು ಫೋನು. ಹಿಂದೆ ಟೀವಿಯ ಸದ್ದು, ಯಾರೋ ಗೆಳತಿಯರ ನಗು. "ಅರ್ಧಂಬರ್ಧ ಕಳಿಸ್ಬೇಡಿ, ಪೂರ್ತಿ ಗಟ್ಟಿಯಾಗ್ಲಿ. ಒಂದು ಮೂರು ತಿಂಗಳು ಇಟ್ಕೊಳ್ಳಿ. ಇಲ್ಲಿ ನಾನು ತುಂಬಾ ಆರಾಮಾಗಿದ್ದೀನಿ."

ಯಂತ್ರದ ಸದ್ದು ಗಕ್ಕನೆ ನಿಂತಿತು.

"ಮೂರು ತಿಂಗಳಾ?" ಎಂದರು ಅತ್ತೆ. ಎದ್ದರು. ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆದು ಅಳಿಯನ ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು ಹಾಕಿ ನೋಡಿದರು. ಕಂಕುಳಿಗೆ ಕೈ ಕೊಟ್ಟು, ಮಂಡಿ ಬಗ್ಗಿಸಿ, ಕುರ್ಚಿಯಿಂದ ಒಂದಂಗುಲ ಎತ್ತಿ ಇಳಿಸಿದರು.

"ಇವರ ತೂಕ ಎಷ್ಟು ಡಾಕ್ಟ್ರೇ?"

"ಎಪ್ಪತ್ತೆಂಟು ಕೆಜಿ."

"ಹಾಗಾದ್ರೆ ನನ್ನ ಹೊಸ ಗುರಿ ಬರ್ಕೊಳ್ಳಿ. ಎಪ್ಪತ್ತೆಂಟು ಕೆಜಿ, ಐವತ್ತನಾಲ್ಕು ಮೆಟ್ಟಿಲು, ಕೆಳಗಡೆಗೆ. ಎಷ್ಟು ವಾರದಲ್ಲಿ ಆಗಬಹುದು ಹೇಳಿ, ಇವತ್ತೇ ಶುರು ಮಾಡ್ತೀನಿ."

"ಅತ್ತೆ, ನನ್ನ ಅಭಿಪ್ರಾಯದಲ್ಲಿ..." ಎಂದು ಸಾಹೇಬರು ಶುರು ಮಾಡಿದರು.

"ನೀವು ಸುಮ್ನಿರಿ ಅಳಿಯಂದ್ರೇ" ಎಂದರು ಅತ್ತೆ, ಎರಡನೇ ಸಲ ಎತ್ತಲು ಮಂಡಿ ಬಗ್ಗಿಸುತ್ತ. "ಭಾರ ಮಾತಾಡಬಾರದು."